“ನೆಟ್ ಇಲ್ಲ” ಅಂದರೆ ಯಾವ ನೆಟ್ ಇಲ್ಲ? ಕೈಯಳತೆಯಿಂದ ಕಡಲಾಚೆವರೆಗಿನ ಐದು ಜಾಲಗಳು

ದುಬೈಯಲ್ಲಿರುವ ಮಗನಿಗೆ ಕರೆ ಹೋಗದಿದ್ದರೆ “ನೆಟ್ ಇಲ್ಲ”. ಅಕ್ಷಯ ಕೇಂದ್ರದಲ್ಲಿ ಅರ್ಜಿ ಸಬ್‌ಮಿಟ್ ಆಗದಿದ್ದರೆ “ನೆಟ್ ಇಲ್ಲ”. ಅಂಗಡಿಯ ಬಿಲ್ ಪ್ರಿಂಟ್ ಆಗದಿದ್ದರೂ “ನೆಟ್ ಇಲ್ಲ”. ಕಿವಿಗೆ ಸಿಕ್ಕಿಸಿದ ಇಯರ್‌ಫೋನ್‌ನಲ್ಲಿ ಸದ್ದು ಬಾರದಿದ್ದರೂ ಕೆಲವರ ಬಾಯಲ್ಲಿ ಅದೇ ಮಾತು. ಮಂಜೇಶ್ವರದಿಂದ ಮಂಗಳೂರಿನವರೆಗೆ ದಿನಕ್ಕೆ ಹತ್ತಾರು ಸಲ ಕೇಳಿಬರುವ ಈ ಒಂದು ಮಾತಿನ ಒಳಗೆ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಒಂದೊಂದು ತೊಂದರೆ ಹುಟ್ಟುವ ಜಾಗ ಬೇರೆ, ಅದನ್ನು ಸರಿಪಡಿಸಬೇಕಾದವರೂ ಬೇರೆ.

ಇದು ಗೊತ್ತಿಲ್ಲದೆ ಹಣ ಹೋಗುತ್ತದೆ. ಮನೆಯ ರೂಟರ್ ಕೆಟ್ಟಿರುವಾಗ ಮೊಬೈಲಿಗೆ ಎರಡು ಸಲ ರೀಚಾರ್ಜ್ ಮಾಡಿಸಿದವರಿದ್ದಾರೆ. ದಾರಿಯಲ್ಲಿ ಕೇಬಲ್ ತುಂಡಾಗಿರುವಾಗ ಹೊಸ ರೂಟರ್ ಕೊಂಡವರಿದ್ದಾರೆ. ಸಮುದ್ರದ ಅಡಿಯ ಕೇಬಲ್‌ಗೆ ಪೆಟ್ಟಾದ ದಿನ ಊರಿನ ಕೇಬಲ್ ಹುಡುಗನಿಗೆ ಬೈದವರೂ ಇದ್ದಾರೆ. ಹಾಗಾಗಿ ಜಾಲ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಎಲ್ಲಿ ಯಾರ ಕೈಯಲ್ಲಿದೆ ಎಂದು ತಿಳಿದಿರುವುದು ಇವತ್ತು ಪ್ರತಿ ಮನೆಗೂ ಬೇಕಾದ ವಿಷಯ.

ಕಂಪ್ಯೂಟರ್ ಪಾಠದಲ್ಲಿ ಜಾಲಗಳನ್ನು ಅವು ಹಬ್ಬಿರುವ ದೂರದ ಲೆಕ್ಕದಲ್ಲಿ ಐದಾಗಿ ವಿಂಗಡಿಸುತ್ತಾರೆ: ಪ್ಯಾನ್, ಲ್ಯಾನ್, ಕ್ಯಾನ್, ಮ್ಯಾನ್ ಮತ್ತು ವ್ಯಾನ್. ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಹೆಸರುಗಳು ನಿಜವಾಗಿ ನಮ್ಮ ಮನೆ, ಪೇಟೆ ಮತ್ತು ಗಲ್ಫ್‌ನ ನಡುವೆ ಇರುವ ಮೆಟ್ಟಿಲುಗಳು.

ಪ್ಯಾನ್: ಕೈಯಳತೆಯ ಜಾಲ

ಪರ್ಸನಲ್ ಏರಿಯಾ ನೆಟ್‌ವರ್ಕ್, ಅಂದರೆ ಒಬ್ಬ ವ್ಯಕ್ತಿಯ ಸುತ್ತಮುತ್ತಲಿನ ಜಾಲ. ಇದರ ವ್ಯಾಪ್ತಿ ಸಾಮಾನ್ಯವಾಗಿ 10 ಮೀಟರ್‌ನಷ್ಟು. ಮೊಬೈಲಿಗೂ ಬ್ಲೂಟೂತ್ ಇಯರ್‌ಫೋನ್‌ಗೂ ಇರುವ ಸಂಪರ್ಕ, ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಮತ್ತು ಫೋನ್‌ನ ಸಂಪರ್ಕ, ಕಾರಿನ ಸ್ಪೀಕರ್ ಮತ್ತು ಫೋನ್‌ನ ಸಂಪರ್ಕ, ಇವೆಲ್ಲ ಪ್ಯಾನ್.

ಬ್ಲೂಟೂತ್‌ನ ಕೆಲಸ 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ಶುರುವಾಯಿತು. ಫೋನ್ ಮತ್ತು ಹೆಡ್‌ಸೆಟ್ ನಡುವಿನ ವಯರ್ ತೆಗೆದುಹಾಕುವುದು ಉದ್ದೇಶವಾಗಿತ್ತು. ಡೆನ್ಮಾರ್ಕ್‌ನಲ್ಲಿ 10ನೇ ಶತಮಾನದಲ್ಲಿ ಆಳಿದ ಹೆರಾಲ್ಡ್ ಬ್ಲೂಟೂತ್ ಎಂಬ ರಾಜನ ಹೆಸರನ್ನು ಇದಕ್ಕೆ ಇಟ್ಟರು. ಚದುರಿದ್ದ ಜನರನ್ನು ಆ ರಾಜ ಒಂದುಗೂಡಿಸಿದ್ದ, ಬೇರೆ ಬೇರೆ ಕಂಪೆನಿಗಳ ಉಪಕರಣಗಳನ್ನು ಇದು ಒಂದುಗೂಡಿಸುತ್ತದೆ ಎಂಬುದು ಆ ಹೆಸರಿನ ಅರ್ಥ.

ಪ್ಯಾನ್‌ಗೆ ಇಂಟರ್ನೆಟ್ ಬೇಕಾಗಿಲ್ಲ. ಮದುವೆ ಮನೆಯಲ್ಲಿ ಕೂತು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಫೋಟೊ ಕಳಿಸುವಾಗ ಡೇಟಾ ಖರ್ಚಾಗದಿರುವುದು ಇದೇ ಕಾರಣಕ್ಕೆ. ಆ ಫೋಟೊ ಮನೆಯ ಗೇಟು ಕೂಡ ದಾಟಿರುವುದಿಲ್ಲ. ಆದ್ದರಿಂದ ಇಯರ್‌ಫೋನ್‌ನಲ್ಲಿ ಸದ್ದು ಕಡಿದು ಕಡಿದು ಬಂದರೆ ಮೊದಲು ನೋಡಬೇಕಾದದ್ದು ಅದರ ಬ್ಯಾಟರಿಯನ್ನು, ಸಿಮ್ ಕಂಪೆನಿಯನ್ನಲ್ಲ.

ಎಚ್ಚರಿಕೆಯೂ ಇಷ್ಟೇ ಹತ್ತಿರದ್ದು. ಬಸ್ ಸ್ಟ್ಯಾಂಡ್‌ನಲ್ಲೋ ರೈಲಿನಲ್ಲೋ ಗುರುತಿಲ್ಲದ ಹೆಸರಿನ ‘ಪೇರಿಂಗ್’ ಕೋರಿಕೆ ಪರದೆ ಮೇಲೆ ಬಂದರೆ ಒಪ್ಪಬಾರದು. ಬೇಡದ ಹೊತ್ತಿನಲ್ಲಿ ಬ್ಲೂಟೂತ್ ಆಫ್ ಇಟ್ಟರೆ ಬ್ಯಾಟರಿಗೂ ಒಳ್ಳೆಯದು.

ಲ್ಯಾನ್: ಮನೆ, ಅಂಗಡಿ, ಕಚೇರಿಯೊಳಗಿನ ಜಾಲ

ಲೋಕಲ್ ಏರಿಯಾ ನೆಟ್‌ವರ್ಕ್ ಒಂದು ಮನೆ, ಒಂದು ಅಂಗಡಿ ಅಥವಾ ಒಂದು ಕಟ್ಟಡದ ಒಳಗಿನದು. ಮನೆಯ ವೈಫೈ ಇದರ ತೀರಾ ಪರಿಚಿತ ರೂಪ. ಕಂಪ್ಯೂಟರ್‌ಗಳನ್ನು ಕೇಬಲಿನಲ್ಲಿ ಜೋಡಿಸುವ ಈಥರ್‌ನೆಟ್ ಎಂಬ ವಿಧಾನ 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕೈಯಲ್ಲಿ ರೂಪುಗೊಂಡಿತು. ವಯರ್ ಇಲ್ಲದ ವೈಫೈಯ ಮೊದಲ ಮಾನದಂಡ ಬಂದದ್ದು 1997ರಲ್ಲಿ.

ಲ್ಯಾನ್‌ಗೆ ಅದರದ್ದೇ ಅಳತೆಯುಂಟು. ತಾಮ್ರದ ಈಥರ್‌ನೆಟ್ ಕೇಬಲ್ ಒಂದೇ ಎಳೆಯಲ್ಲಿ 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ವೈಫೈಯ ದೂರ ಗೋಡೆಗಳನ್ನು ಅವಲಂಬಿಸಿರುತ್ತದೆ. ಕರಾವಳಿಯ ಹಳೆ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆ ಎರಡು ಅಡ್ಡ ಬಂದರೆ ಸಿಗ್ನಲ್ ಸೊರಗುತ್ತದೆ. ರೂಟರ್‌ನಲ್ಲಿ ‘2.4’ ಮತ್ತು ‘5’ ಎಂಬ ಎರಡು ಹೆಸರು ಕಂಡರೆ, 5 ಗಿಗಾಹರ್ಟ್ಸ್‌ನದ್ದು ವೇಗದ್ದು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ನಿಧಾನ, ಆದರೆ ಹಿಂದಿನ ಕೋಣೆಯವರೆಗೂ ಹೋಗುತ್ತದೆ. ಉಮ್ಮನ ಕೋಣೆಯಲ್ಲಿ ಮಾತ್ರ ವೀಡಿಯೊ ಕರೆ ನಿಂತು ನಿಂತು ಬರುತ್ತಿದ್ದರೆ ಪ್ಲ್ಯಾನ್ ಬದಲಿಸುವ ಮುಂಚೆ ರೂಟರ್ ಇಟ್ಟ ಜಾಗ ಬದಲಿಸಿ ನೋಡಬಹುದು.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ: ವೈಫೈ ಮತ್ತು ಇಂಟರ್ನೆಟ್ ಒಂದೇ ಅಂತ. ಮೊಬೈಲಿನಲ್ಲಿ ವೈಫೈ ಗುರುತು ಪೂರ್ತಿ ತುಂಬಿದ್ದರೆ ಫೋನ್‌ನಿಂದ ರೂಟರ್‌ವರೆಗಿನ ದಾರಿ ಸರಿಯಿದೆ ಎಂದಷ್ಟೇ ಅರ್ಥ. ರೂಟರ್‌ನ ಆಚೆ ಏನಾಗಿದೆ ಎಂದು ಅದು ಹೇಳುವುದಿಲ್ಲ. ಮನೆಯೊಳಗಿನ ಉಪಕರಣಗಳಿಗೆ ರೂಟರ್ 192.168 ಎಂದು ಶುರುವಾಗುವ ವಿಳಾಸ ಕೊಡುತ್ತದೆ. ಜಗತ್ತಿನ ಲಕ್ಷಾಂತರ ಮನೆಗಳಲ್ಲಿ ಇದೇ ವಿಳಾಸಗಳಿವೆ. ಯಾಕೆಂದರೆ ಇವು ಮನೆಯೊಳಗೆ ಮಾತ್ರ ಚಲಾವಣೆಯಾಗುವಂತೆ ಮೀಸಲಿಟ್ಟವು, ಹೊರಗೆ ಇವಕ್ಕೆ ಬೆಲೆಯಿಲ್ಲ.

ಊರಿನ ಮನೆಗೆ ಸಿಸಿಟಿವಿ ಹಾಕಿಸಿ ಗಲ್ಫ್‌ನಿಂದ ನೋಡುವವರಿಗೆ ಈ ವ್ಯತ್ಯಾಸ ಮುಖ್ಯ. ಇಂಟರ್ನೆಟ್ ಹೋದಾಗ ಕತಾರಿನಲ್ಲಿ ಕೂತವರ ಮೊಬೈಲಿನಲ್ಲಿ ಚಿತ್ರ ಬರುವುದಿಲ್ಲ. ಆದರೆ ಕ್ಯಾಮರಾದಿಂದ ರೆಕಾರ್ಡರ್‌ವರೆಗಿನದ್ದು ಮನೆಯೊಳಗಿನ ಜಾಲವಾದ್ದರಿಂದ, ಕರೆಂಟ್ ಇದ್ದರೆ ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದೆ. ಕಳ್ಳತನ ಆಗಿದ್ದರೆ “ಆ ದಿನ ನೆಟ್ ಇರಲಿಲ್ಲ, ಏನೂ ಸಿಗದು” ಎಂದು ಕೈಬಿಡಬಾರದು. ರೆಕಾರ್ಡರ್ ತೆರೆದು ನೋಡಬೇಕು.

ಇದೇ ಕ್ಯಾಮರಾ ಅಪಾಯದ ಬಾಗಿಲೂ ಆಗಬಹುದು. 2016ರಲ್ಲಿ ‘ಮಿರಾಯಿ’ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಸಿಸಿಟಿವಿ ಕ್ಯಾಮರಾ, ರೆಕಾರ್ಡರ್ ಮತ್ತು ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಲಿಲ್ಲ. ಕಂಪೆನಿಯವರು ಕೊಟ್ಟ ಪಾಸ್‌ವರ್ಡನ್ನು ಜನ ಬದಲಿಸದೆ ಹಾಗೇ ಬಿಟ್ಟಿದ್ದರು, ಅಷ್ಟೇ. ಆ ವರ್ಷ ಅಕ್ಟೋಬರ್ 21ರಂದು ಅಂಥ ಉಪಕರಣಗಳನ್ನೇ ಸೇನೆಯಂತೆ ಬಳಸಿ ಅಮೆರಿಕದ ಒಂದು ಪ್ರಮುಖ ಜಾಲಸೇವಾ ಕಂಪೆನಿಯ ಮೇಲೆ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಆದ್ದರಿಂದ ರೂಟರ್ ಮತ್ತು ಕ್ಯಾಮರಾ ಹಾಕಿಸಿದ ದಿನವೇ ‘ಅಡ್ಮಿನ್’ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕು.

ಕ್ಯಾನ್: ಆವರಣದ ಜಾಲ

ಒಂದೇ ಸಂಸ್ಥೆಗೆ ಸೇರಿದ ಹಲವು ಕಟ್ಟಡಗಳ ಲ್ಯಾನ್‌ಗಳನ್ನು ಜೋಡಿಸಿದರೆ ಅದು ಕ್ಯಾಂಪಸ್ ಏರಿಯಾ ನೆಟ್‌ವರ್ಕ್. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಂಥ ದೊಡ್ಡ ಆವರಣಗಳನ್ನು ನೆನಪಿಸಿಕೊಂಡರೆ ಈ ಜಾಲದ ಅಳತೆ ತಿಳಿಯುತ್ತದೆ: ಒಂದರಿಂದ ಕೆಲವು ಕಿಲೋಮೀಟರ್. ದೊಡ್ಡ ಆಸ್ಪತ್ರೆ, ಬಂದರು, ಕಾರ್ಖಾನೆಗಳಲ್ಲೂ ಇರುವುದು ಇದೇ. ಆಸ್ಪತ್ರೆಯ ಲ್ಯಾಬ್‌ನಲ್ಲಿ ಮಾಡಿದ ರಕ್ತಪರೀಕ್ಷೆಯ ವರದಿ ಇನ್ನೊಂದು ಬ್ಲಾಕಿನ ಡಾಕ್ಟರ ಕಂಪ್ಯೂಟರಿಗೆ ತಲುಪಲು ಹೊರಗಿನ ಇಂಟರ್ನೆಟ್ ಬೇಕಿಲ್ಲ.

ಇಲ್ಲಿ ಜಾಲದ ಯಜಮಾನ ಸಂಸ್ಥೆ. ಯಾವ ತಾಣ ತೆರೆಯಬೇಕು, ಯಾವುದನ್ನು ತಡೆಯಬೇಕು ಎಂಬುದು ಅವರ ನಿರ್ಧಾರ. ಯಾವ ಕಂಪ್ಯೂಟರಿನಿಂದ ಯಾವ ತಾಣಕ್ಕೆ ಹೋದರು ಎಂಬ ದಾಖಲೆಯನ್ನೂ ಅವರು ಇಡಬಲ್ಲರು. ಕಾಲೇಜಿನ ವೈಫೈಯಲ್ಲಿ ಒಂದು ಆ್ಯಪ್ ನಡೆಯದೆ ಅದೇ ಫೋನ್ ಸಿಮ್ ಡೇಟಾದಲ್ಲಿ ನಡೆದರೆ, ಅಲ್ಲಿ ನಿಯಮ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಆದರೆ ಸಂಸ್ಥೆಯ ಅಧಿಕಾರಕ್ಕೂ ಮಿತಿಯುಂಟು. ಕೋಝಿಕ್ಕೋಡ್ ಜಿಲ್ಲೆಯ ಚೇಳನ್ನೂರಿನ ಕಾಲೇಜೊಂದರ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದು ಎಂಬ ನಿಯಮವನ್ನು ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿ ಒಪ್ಪಲಿಲ್ಲ. ಹಾಸ್ಟೆಲ್‌ನಿಂದ ಹೊರಹಾಕಿದಾಗ ಆಕೆ ಕೇರಳ ಹೈಕೋರ್ಟ್‌ಗೆ ಹೋದರು. 2019ರ ಸೆಪ್ಟೆಂಬರ್ 19ರಂದು ತೀರ್ಪು ಕೊಟ್ಟ ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದರು. ವಿದ್ಯಾರ್ಥಿನಿಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶವಾಯಿತು. ಟವರು, ಕೇಬಲು ಎಲ್ಲ ಸರಿಯಿದ್ದರೂ ಜಾಲ ಕೊನೆಯ ಹತ್ತು ಅಡಿಯಲ್ಲಿ, ಒಂದು ಕೋಣೆಯ ಬಾಗಿಲಲ್ಲಿ ನಿಲ್ಲಬಹುದು ಎಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಮ್ಯಾನ್: ಪೇಟೆಯ ಜಾಲ

ಮೆಟ್ರೊಪಾಲಿಟನ್ ಏರಿಯಾ ನೆಟ್‌ವರ್ಕ್ ಒಂದು ನಗರ ಅಥವಾ ಪೇಟೆ ಮತ್ತು ಅದರ ಸುತ್ತಮುತ್ತಲ ಊರುಗಳನ್ನು ಜೋಡಿಸುವಂಥದ್ದು. ಇದರ ಹರವು ಸಾಧಾರಣವಾಗಿ 5ರಿಂದ 50 ಕಿಲೋಮೀಟರ್. ಹೆಸರು ಕೇಳಿ ಬೆಂಗಳೂರು, ಮುಂಬೈಗಳಿಗೆ ಮಾತ್ರ ಸೇರಿದ್ದು ಅಂದುಕೊಳ್ಳಬೇಕಾಗಿಲ್ಲ. ಒಂದು ಕಾಲದಲ್ಲಿ ಟಿವಿ ಚಾನೆಲ್‌ಗಳನ್ನು ಮನೆಮನೆಗೆ ಕೊಡುತ್ತಿದ್ದ ಊರಿನ ಕೇಬಲ್ ಜಾಲವೇ ಈಗ ಹಲವೆಡೆ ಇಂಟರ್ನೆಟ್ ಕೊಡುತ್ತಿದೆ. ಪೇಟೆಯಲ್ಲಿ ಒಂದು ಮುಖ್ಯ ಕೇಂದ್ರ, ಅಲ್ಲಿಂದ ಕಂಬದಿಂದ ಕಂಬಕ್ಕೆ ಹೊರಟ ಫೈಬರ್, ಅದರಿಂದ ಕವಲೊಡೆದು ಒಂದೊಂದು ಮನೆಗೆ ಬಂದ ತೆಳು ಎಳೆ. ಇದು ಮ್ಯಾನ್‌ನ ರೂಪ.

ಕೇರಳ ಸರಕಾರದ ಕೆ-ಫೋನ್ ಯೋಜನೆಯಲ್ಲೂ ಮನೆ ತಲುಪುವ ದಾರಿ ಇಂಥದ್ದೇ. 2023ರ ಜೂನ್ 5ರಂದು ಉದ್ಘಾಟನೆಯಾದ ಈ ಯೋಜನೆಯ ಫೈಬರ್ ಬಹುತೇಕ ಸಾಗುವುದು ರಾಜ್ಯ ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ. ಸುಮಾರು 30 ಸಾವಿರ ಸರಕಾರಿ ಸಂಸ್ಥೆಗಳಿಗೆ ಸಂಪರ್ಕ, ಆರ್ಥಿಕವಾಗಿ ಹಿಂದುಳಿದ 20 ಲಕ್ಷ ಕುಟುಂಬಗಳಿಗೆ ಉಚಿತ ಇಂಟರ್ನೆಟ್ ಅದರ ಗುರಿ. ಕೇಬಲ್ ಹಾಕಲು ಹೊಸದಾಗಿ ನೆಲ ಅಗೆಯುವ ಖರ್ಚು ಉಳಿಸಲು ಇದ್ದ ಕಂಬಗಳನ್ನೇ ಬಳಸಿದರು.

ಕಂಬದ ಮೇಲಿನ ಜಾಲಕ್ಕೆ ಕರಾವಳಿಯ ಮಳೆಗಾಲ ದೊಡ್ಡ ಪರೀಕ್ಷೆ. ಗಾಳಿಗೆ ತೆಂಗಿನಮರ ಬಿದ್ದರೆ ಕರೆಂಟಿನೊಡನೆ ಫೈಬರೂ ಕಡಿಯುತ್ತದೆ. ನೆಲದಡಿಯ ಕೇಬಲ್‌ಗೆ ರಸ್ತೆ ಅಗಲೀಕರಣದ ಜೆಸಿಬಿಯ ಭಯ. ಫೈಬರ್‌ನ ಒಳಗಿರುವುದು ಕೂದಲೆಳೆಯಷ್ಟು ತೆಳುವಾದ ಗಾಜು, ಅದರಲ್ಲಿ ಸಾಗುವುದು ಬೆಳಕು. ತಾಮ್ರದ ವಯರಿನಂತೆ ತಿರುಚಿ ಟೇಪ್ ಸುತ್ತಿದರೆ ಅದು ಸರಿಯಾಗುವುದಿಲ್ಲ. ಎರಡು ತುದಿಗಳನ್ನು ಯಂತ್ರದಲ್ಲಿಟ್ಟು ಕರಗಿಸಿ ಬೆಸೆಯಬೇಕು. ಮಳೆ ನಿಂತ ಮೇಲೂ ಇಂಟರ್ನೆಟ್ ಬರಲು ತಡವಾಗುವುದು ಇದಕ್ಕೆ. ಸಿಡಿಲಿನ ಸಮಯದಲ್ಲಿ ಬೆಳಕಿನ ಎಳೆಗೆ ತೊಂದರೆಯಿಲ್ಲದಿದ್ದರೂ ಕರೆಂಟಿನ ದಾರಿಯಿಂದ ರೂಟರ್ ಸುಟ್ಟುಹೋಗಬಹುದು. ಗುಡುಗು ಶುರುವಾದಾಗ ಪ್ಲಗ್ ಕೀಳುವ ಹಿರಿಯರ ಅಭ್ಯಾಸ ರೂಟರಿಗೂ ಅನ್ವಯಿಸುತ್ತದೆ.

ವ್ಯಾನ್: ರಾಜ್ಯ, ದೇಶ, ಕಡಲು ದಾಟುವ ಜಾಲ

ವೈಡ್ ಏರಿಯಾ ನೆಟ್‌ವರ್ಕ್ ಎಂಬುದಕ್ಕೆ ಮೇಲ್ಮಿತಿಯಿಲ್ಲ. ಎರಡು ಊರುಗಳನ್ನು ಜೋಡಿಸಿದರೂ ವ್ಯಾನ್, ಎರಡು ಖಂಡಗಳನ್ನು ಜೋಡಿಸಿದರೂ ವ್ಯಾನ್. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾನಿಲಯದ ಒಂದು ಕಂಪ್ಯೂಟರಿನಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂಬ ಪದ ಕಳಿಸಲು ಪ್ರಯತ್ನಿಸಿದರು. ಮೊದಲ ಎರಡು ಅಕ್ಷರ ಹೋಗುವಷ್ಟರಲ್ಲಿ ಆಚೆಯ ಕಂಪ್ಯೂಟರ್ ಕೈಕೊಟ್ಟಿತು. ಆರ್ಪಾನೆಟ್ ಎಂಬ ಆ ಜಾಲವೇ ಮುಂದೆ ಇಂಟರ್ನೆಟ್‌ನ ಬೇರಾಯಿತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ವ್ಯಾನ್ ಮತ್ತು ಇಂಟರ್ನೆಟ್ ಒಂದೇ ಅಲ್ಲ. ಬ್ಯಾಂಕಿನ ಶಾಖೆಗಳನ್ನೂ ಎಟಿಎಂಗಳನ್ನೂ ಜೋಡಿಸುವ ಜಾಲ ವ್ಯಾನ್, ಆದರೆ ಅದರೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಸರಕಾರಿ ಕಚೇರಿಗಳಿಗೂ ಹೀಗೆ ಪ್ರತ್ಯೇಕ ಜಾಲವುಂಟು. ಕೇಂದ್ರ ಸರಕಾರ 2005ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆಯಡಿ ರಾಜ್ಯಗಳು ಇಂಥ ಜಾಲ ಕಟ್ಟಿಕೊಂಡವು. ಕೇರಳದ್ದೂ ಕೆಸ್ವಾನ್, ಕರ್ನಾಟಕದ್ದೂ ಕೆಸ್ವಾನ್. ತಲಪಾಡಿಯ ಆಚೆಗೊಂದು, ಈಚೆಗೊಂದು ಇದ್ದರೂ ಎರಡೂ ಬೇರೆ ಬೇರೆ. ಇಂಟರ್ನೆಟ್ ಎಂದರೆ ಇಂಥ ಸಾವಿರಾರು ಜಾಲಗಳು ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಆದ ಜಾಲಗಳ ಜಾಲ.

ಅಕ್ಷಯ ಕೇಂದ್ರದಲ್ಲಿ “ಸರ್ವರ್ ಡೌನ್” ಎಂದಾಗ ಆಗಿರುವುದೇನು ಎಂದು ಈಗ ಬಿಡಿಸಿ ನೋಡಬಹುದು. ಅಲ್ಲಿ ಪ್ರಿಂಟರ್ ನಡೆಯುತ್ತಿದ್ದರೆ ಲ್ಯಾನ್ ಸರಿಯಿದೆ. ಬೇರೆ ತಾಣಗಳು ತೆರೆಯುತ್ತಿದ್ದರೆ ಮ್ಯಾನ್, ವ್ಯಾನ್ ಕೂಡ ಸರಿಯಿವೆ. ಆಚೆ ತುದಿಯಲ್ಲಿ ತಿರುವನಂತಪುರದಲ್ಲೋ ದಿಲ್ಲಿಯಲ್ಲೋ ಇರುವ ಕಂಪ್ಯೂಟರ್ ಉತ್ತರ ಕೊಡುತ್ತಿಲ್ಲ. ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ ರೇಗಿ ಪ್ರಯೋಜನವಿಲ್ಲ. ಆದರೆ ಅರ್ಜಿಗೆ ಕೊನೆಯ ದಿನವಾಗಿದ್ದರೆ ಪರದೆಯಲ್ಲಿ ಬಂದ ದೋಷದ ಸಂದೇಶವನ್ನು ದಿನಾಂಕ, ಸಮಯ ಸಹಿತ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಅಧಿಕಾರಿಯ ಮುಂದೆ ಹೋಗಬೇಕಾದರೆ ಅದು ಕೈಯಲ್ಲಿರುತ್ತದೆ.

ಮೊಬೈಲ್ ಜಾಲವೂ ವ್ಯಾನ್‌ನ ಒಂದು ಬಗೆ. ದೇಶವನ್ನು ಇದಕ್ಕಾಗಿ 22 ಸೇವಾ ವಲಯಗಳಾಗಿ ವಿಂಗಡಿಸಿದ್ದಾರೆ. ಕಾಸರಗೋಡು ಕೇರಳ ವಲಯದಲ್ಲಿ, ಮಂಗಳೂರು ಕರ್ನಾಟಕ ವಲಯದಲ್ಲಿ. ಗಡಿಯ ಮನೆಗಳಲ್ಲಿ ಅಡುಗೆಕೋಣೆಯಲ್ಲಿ ಒಂದು ವಲಯದ ಟವರ್, ಚಾವಡಿಯಲ್ಲಿ ಇನ್ನೊಂದು ವಲಯದ ಟವರ್ ಸಿಗುವುದುಂಟು. ಹಿಂದೆ ರೋಮಿಂಗ್ ಹೆಸರಿನಲ್ಲಿ ಹಣ ಕಡಿತವಾಗುತ್ತಿದ್ದುದು ಈ ಭಾಗದವರಿಗೆ ಮರೆತಿರಲಿಕ್ಕಿಲ್ಲ. ರೇಡಿಯೊ ಅಲೆಗೆ ರಾಜ್ಯದ ಗಡಿ ಗೊತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಕಷ್ಟಪಟ್ಟರು. ಆಗಲೂ ಡಾಕ್ಟರಿಗೆ ವರದಿಯ ಫೋಟೊ ಕಳಿಸುವ ದಾರಿ ತೆರೆದೇ ಇತ್ತು. ಆಂಬ್ಯುಲೆನ್ಸ್‌ಗೆ ಬೇಕಿದ್ದ ರಸ್ತೆಯನ್ನು ಮಾತ್ರ ಯಾವ ಜಾಲವೂ ಕೊಡಲಾಗಲಿಲ್ಲ.

ಅಂಗಡಿಗಳಲ್ಲಿ ‘ಹಣ ಬಂದಿದೆ’ ಎಂದು ಕೂಗುವ ಸೌಂಡ್ ಬಾಕ್ಸ್ ಇನ್ನೊಂದು ಉದಾಹರಣೆ. ಹಲವು ಬಾಕ್ಸ್‌ಗಳ ಒಳಗೆ ಅದರದ್ದೇ ಸಿಮ್ ಇರುತ್ತದೆ. ಗಿರಾಕಿಯ ಫೋನ್ ಒಂದು ಕಂಪೆನಿಯ ಜಾಲದಲ್ಲಿ, ಬಾಕ್ಸ್ ಇನ್ನೊಂದು ಕಂಪೆನಿಯ ಜಾಲದಲ್ಲಿ. ಗಿರಾಕಿ ಹಣ ಕಳಿಸಿದ್ದೂ ನಿಜ, ಬಾಕ್ಸ್ ಸುಮ್ಮನಿದ್ದುದೂ ನಿಜ ಆಗಿರಬಹುದು. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡುವವರೂ ಇರುವುದರಿಂದ, ಜಗಳಕ್ಕಿಳಿಯುವ ಬದಲು ಅಂಗಡಿಯವರು ತಮ್ಮ ಬ್ಯಾಂಕ್ ಖಾತೆಯನ್ನು ಒಮ್ಮೆ ನೋಡಿಬಿಡುವುದೇ ಸರಿಯಾದ ದಾರಿ.

ಕಡಲಡಿಯ ಎಳೆ

ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯ ಬಹುಪಾಲು ಉಪಗ್ರಹದ ಮೂಲಕ ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಹೋಗುವುದು ಸಮುದ್ರದ ತಳದಲ್ಲಿ ಮಲಗಿರುವ ಫೈಬರ್ ಕೇಬಲ್‌ಗಳಲ್ಲಿ. ಕಾರಣ ಲೆಕ್ಕದಲ್ಲೇ ಸಿಗುತ್ತದೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್ ಬೇಕು, ಉತ್ತರ ಬರಲು ಇನ್ನೂ ಕಾಲು ಸೆಕೆಂಡ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಕೇಬಲ್ ಸುತ್ತು ಹಾಕಿ ಹೋದರೂ ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ತಲುಪುತ್ತದೆ.

ಉಪಗ್ರಹಕ್ಕೂ ಕೇಬಲ್‌ಗೂ ಇರುವ ವ್ಯತ್ಯಾಸವನ್ನು ಕಣ್ಣಾರೆ ಕಂಡವರು ಲಕ್ಷದ್ವೀಪದವರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಇರುವ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿಗೂ ಅವಕ್ಕೂ ವ್ಯಾಪಾರದ ಹಳೆ ನಂಟು. ಹಡಗು ಬರದಿದ್ದರೆ ಅಕ್ಕಿ ಬಾರದು ಎಂಬ ಸ್ಥಿತಿಯ ಈ ದ್ವೀಪಗಳು ಬಹುಕಾಲ ಇಂಟರ್ನೆಟ್‌ಗೂ ಉಪಗ್ರಹವೊಂದನ್ನೇ ನಂಬಿಕೊಂಡಿದ್ದವು. ಇಡೀ ದ್ವೀಪಸಮೂಹಕ್ಕೆ ಸಿಗುತ್ತಿದ್ದುದು ಸೆಕೆಂಡಿಗೆ 1.7 ಗಿಗಾಬಿಟ್. ಕೊಚ್ಚಿಯಿಂದ 11 ದ್ವೀಪಗಳಿಗೆ ಎಳೆದ ಕಡಲಡಿಯ ಕೇಬಲ್ 2024ರ ಜನವರಿ 3ರಂದು ಉದ್ಘಾಟನೆಯಾದಾಗ ಈ ಸಾಮರ್ಥ್ಯ 200 ಗಿಗಾಬಿಟ್‌ಗೆ ಏರಿತು. ನೂರು ಪಟ್ಟಿಗಿಂತ ಹೆಚ್ಚು.

ಆದರೆ ಕೇಬಲ್‌ಗೂ ಆಪತ್ತು ತಪ್ಪಿದ್ದಲ್ಲ. 2008ರ ಜನವರಿ 30ರಂದು ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ ಬಳಿ ಎರಡು ದೊಡ್ಡ ಕೇಬಲ್‌ಗಳು ತುಂಡಾದವು. ಎರಡು ದಿನಗಳಲ್ಲಿ ದುಬೈ ಸಮೀಪ ಫಾಲ್ಕನ್ ಎಂಬ ಇನ್ನೊಂದು ಕೇಬಲ್ ಕಡಿಯಿತು. ಅಲ್ಲಿ ಸಿಕ್ಕಿದ್ದು ಹಡಗೊಂದು ಬಿಟ್ಟುಹೋದ ಐದಾರು ಟನ್ ತೂಕದ ಲಂಗರು. ಭಾರತ ಮತ್ತು ಗಲ್ಫ್ ದೇಶಗಳಲ್ಲಿ ಇಂಟರ್ನೆಟ್ ದಿನಗಟ್ಟಲೆ ತೆವಳಿತು. 2025ರ ಸೆಪ್ಟೆಂಬರ್ 6ರಂದು ಸೌದಿಯ ಜಿದ್ದಾ ಸಮೀಪ ಕೆಂಪು ಸಮುದ್ರದಲ್ಲಿ ಮತ್ತೆ ಕೇಬಲ್‌ಗಳು ಕಡಿದು ಭಾರತ, ಪಾಕಿಸ್ತಾನ, ಯುಎಇಗಳಲ್ಲಿ ವೇಗ ಕುಸಿಯಿತು.

ಮಂಗಳೂರಿಗೂ ದುಬೈಗೂ ನಡುವೆ ಕೆಂಪು ಸಮುದ್ರ ಬರುವುದಿಲ್ಲವಲ್ಲ ಎಂದು ಕೇಳಬಹುದು. ಯುರೋಪಿಗೆ ಹೋಗುವ ಕೇಬಲ್‌ಗಳ ಗುಂಪು ಅದೇ ದಾರಿಯಲ್ಲಿದೆ. ಅಲ್ಲಿ ಎರಡು ಕಡಿದರೆ ಅದರ ಭಾರವೆಲ್ಲ ಉಳಿದ ಕೇಬಲ್‌ಗಳ ಮೇಲೆ ಬೀಳುತ್ತದೆ. ಹೆದ್ದಾರಿ ಬಂದ್ ಆದಾಗ ಒಳದಾರಿಗಳಲ್ಲೂ ವಾಹನ ಸಾಲುಗಟ್ಟುವಂತೆ. ಬಳಸುವ ಆ್ಯಪ್‌ನ ಸರ್ವರ್ ಯುರೋಪಿನಲ್ಲಿದ್ದರೆ ಪರಿಣಾಮ ಇನ್ನೂ ನೇರ. ಇಂಥ ಕೇಬಲನ್ನು ಸರಿಪಡಿಸಲು ವಿಶೇಷ ಹಡಗು ಆ ಜಾಗಕ್ಕೆ ಹೋಗಿ ತುದಿಗಳನ್ನು ಮೇಲೆತ್ತಿ ಬೆಸೆಯಬೇಕು. ಅದಕ್ಕೆ ವಾರಗಳು ಬೇಕಾಗುತ್ತವೆ. ಅಂಥ ದಿನಗಳಲ್ಲಿ ವೀಡಿಯೊ ಬಿಟ್ಟು ಧ್ವನಿ ಕರೆ ಮಾಡಿದರೆ, ಧ್ವನಿಯೂ ಕಡಿದರೆ ವಾಯ್ಸ್ ಮೆಸೇಜ್ ಕಳಿಸಿದರೆ ಮಾತು ತಲುಪುತ್ತದೆ.

ಕೇಬಲ್ ಸರಿಯಿದೆ, ಕಾನೂನು ಬಿಡುತ್ತಿಲ್ಲ

ವ್ಯಾನ್ ದೇಶಗಳನ್ನು ದಾಟುವಾಗ ಆಯಾ ದೇಶದ ಕಾನೂನಿನ ಒಳಗೆ ನಡೆಯಬೇಕು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಆದರೆ ಅದರ ಕರೆಗೆ ಬಹುಕಾಲದಿಂದ ನಿರ್ಬಂಧವಿದೆ. ಹಾಗಾಗಿಯೇ ಅಲ್ಲಿರುವವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳನ್ನು ಬಳಸುವುದು. ಊರಿನ ಮನೆಯವರು ರೂಟರ್ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಇದು ಸರಿಹೋಗುವುದಿಲ್ಲ.

ಇದಕ್ಕೆ ಉಪಾಯವೆಂದು ಕೆಲವರು ವಿಪಿಎನ್ ಹಾಕಿಕೊಳ್ಳುತ್ತಾರೆ. ದೊಡ್ಡ ಜಾಲದ ಒಳಗೆ ಮುಚ್ಚಿದ ಕೊಳವೆಯಂಥ ಒಂದು ಖಾಸಗಿ ದಾರಿಯನ್ನು ಅದು ಮಾಡಿಕೊಡುತ್ತದೆ. ಕಂಪೆನಿಗಳು ತಮ್ಮ ಕೆಲಸಕ್ಕೆ ಬಳಸುವುದುಂಟು. ಆದರೆ ಯುಎಇಯ ಸೈಬರ್ ಅಪರಾಧ ಕಾನೂನಿನಲ್ಲಿ ವಿಪಿಎನ್ ಬಳಸಿ ಅಪರಾಧ ಎಸಗಿದವರಿಗೆ ಜೈಲು ಮತ್ತು 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡದ ಅವಕಾಶವಿದೆ. ಹೊಸದಾಗಿ ಗಲ್ಫ್‌ಗೆ ಹೊರಟವರಿಗೆ ಬಟ್ಟೆಬರೆ ಜೋಡಿಸುವಾಗಲೇ ಯಾವ ಆ್ಯಪ್‌ನಲ್ಲಿ ಕರೆ ಮಾಡಬೇಕು ಎಂದು ತಿಳಿಸಿ, ಮನೆಯವರ ಫೋನ್‌ನಲ್ಲೂ ಅದನ್ನು ಹಾಕಿಕೊಟ್ಟರೆ ನಂತರದ ತಾಪತ್ರಯ ತಪ್ಪುತ್ತದೆ.

ಎಲ್ಲಿ ಕಡಿದಿದೆ ಎಂದು ನೋಡುವ ಕ್ರಮ

ಹತ್ತಿರದಿಂದ ದೂರಕ್ಕೆ ನೋಡುತ್ತಾ ಹೋಗಬೇಕು. ಐದು ನಿಮಿಷದ ಕೆಲಸ.

1. ಇಯರ್‌ಫೋನ್ ತೆಗೆದು ಫೋನ್‌ನಲ್ಲೇ ಮಾತಾಡಿ ನೋಡಿ. ಸರಿಯಾಯಿತೇ? ತೊಂದರೆ ಪ್ಯಾನ್‌ನದ್ದು.

2. ಮನೆಯ ಇನ್ನೊಂದು ಫೋನ್‌ನಲ್ಲಿ ಅದೇ ವೈಫೈ ಹಿಡಿದು ನೋಡಿ. ಅದರಲ್ಲಿ ಬರುತ್ತಿದ್ದರೆ ತೊಂದರೆ ಮೊದಲ ಫೋನ್‌ನಲ್ಲಿದೆ. ರೂಟರ್ ಹತ್ತಿರ ಹೋದಾಗ ಮಾತ್ರ ಬರುತ್ತಿದ್ದರೆ ತೊಂದರೆ ಲ್ಯಾನ್‌ನದ್ದು.

3. ಫೈಬರ್ ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು ನೋಡಿ. ‘ಲಾಸ್’ ಎಂದು ಬರೆದಿರುವಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಪೆಟ್ಟಿಗೆಗೆ ಸಿಕ್ಕಿಸಿದ ಎಳೆ ಮಡಚಿದೆಯೇ, ಇಲಿ ಕಡಿದಿದೆಯೇ ನೋಡಿ. ಅಲ್ಲೆಲ್ಲ ಸರಿಯಿದ್ದರೆ ಕಡಿದಿರುವುದು ಕಂಬದ ದಾರಿಯಲ್ಲಿ, ಅಂದರೆ ಪೇಟೆಯ ಜಾಲದಲ್ಲಿ. ಆಪರೇಟರಿಗೆ ಫೋನ್ ಮಾಡಿ “ನೆಟ್ ಇಲ್ಲ” ಎನ್ನುವ ಬದಲು “ಲಾಸ್ ಲೈಟ್ ಕೆಂಪು ಉಂಟು” ಎಂದು ಹೇಳಿದರೆ ಬರುವ ಹುಡುಗ ಬೇಕಾದ ಯಂತ್ರ ಹಿಡಿದುಕೊಂಡೇ ಬರುತ್ತಾನೆ.

4. ದೀಪಗಳೆಲ್ಲ ಸರಿ, ಆದರೂ ಯಾವ ತಾಣವೂ ತೆರೆಯುತ್ತಿಲ್ಲವೇ? ವೈಫೈ ಆಫ್ ಮಾಡಿ ಸಿಮ್ ಡೇಟಾದಲ್ಲಿ ನೋಡಿ. ಅದರಲ್ಲಿ ಬಂದರೆ ಬ್ರಾಡ್‌ಬ್ಯಾಂಡ್ ಕಂಪೆನಿಯ ಕಡೆಯ ತೊಂದರೆ. ಬಿಲ್ ಬಾಕಿ ಇದೆಯೇ ಎಂದೂ ನೋಡಿಕೊಳ್ಳಿ.

5. ಎರಡರಲ್ಲೂ ಬೇರೆಲ್ಲ ತಾಣ ತೆರೆದು ಒಂದೇ ಆ್ಯಪ್ ಅಥವಾ ಒಂದೇ ಸರಕಾರಿ ತಾಣ ತೆರೆಯದಿದ್ದರೆ ತೊಂದರೆ ಆಚೆ ತುದಿಯಲ್ಲಿದೆ. ಕಾಯುವುದಲ್ಲದೆ ಇಲ್ಲಿಂದ ಮಾಡುವುದೇನಿಲ್ಲ.

6. ಊರಿನಲ್ಲಿ ಎಲ್ಲ ಸರಿಯಿದ್ದು ಗಲ್ಫ್‌ನ ಕರೆ ಮಾತ್ರ ಹೋಗದಿದ್ದರೆ, ಆ ಆ್ಯಪ್‌ಗೆ ಅಲ್ಲಿ ಅನುಮತಿ ಇದೆಯೇ ಎಂದು ಕೇಳಿ. ಆಮೇಲೆ ಕಡಲ ಕೇಬಲ್‌ನ ಸುದ್ದಿ ಏನಾದರೂ ಇದೆಯೇ ನೋಡಿ.

ಕಂಪೆನಿಗೆ ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳುವುದನ್ನು ಬಿಡಬಾರದು. ದೂರಿಗೆ ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಲು ಟ್ರಾಯ್ ನಿಯಮದಲ್ಲಿ ಅವಕಾಶವಿದೆ, ಅಲ್ಲಿ ಈ ನಂಬರ್ ಬೇಕಾಗುತ್ತದೆ.

ಗಂಡುಮಕ್ಕಳು ಗಲ್ಫ್‌ನಲ್ಲಿದ್ದು ಹಿರಿಯರೂ ಹೆಂಗಸರೂ ಮಾತ್ರ ಇರುವ ಮನೆಗಳು ಈ ಕರಾವಳಿಯಲ್ಲಿ ಕಡಿಮೆಯಿಲ್ಲ. ಅಂಥ ಮನೆಗಳಲ್ಲಿ “ನೆಟ್ ಸರಿ ಮಾಡಿಕೊಡುತ್ತೇವೆ” ಎಂದು ಫೋನ್ ಮಾಡಿ, ಯಾವುದೋ ಆ್ಯಪ್ ಹಾಕಿಸಿ, ದೂರದಿಂದಲೇ ಫೋನ್‌ನ ಪರದೆ ನೋಡಿ ಬ್ಯಾಂಕ್ ಖಾತೆ ಬರಿದು ಮಾಡುವ ಮೋಸಗಾರರಿಗೆ ಸುಲಭದ ತುತ್ತು ಸಿಗುತ್ತದೆ. ಕಂಬದಲ್ಲಿ ಕಡಿದ ಕೇಬಲನ್ನು ಫೋನ್‌ಗೆ ಆ್ಯಪ್ ಹಾಕಿ ಯಾರೂ ಬೆಸೆಯಲಾರರು. ಇಷ್ಟನ್ನು ಮನೆಯ ಹಿರಿಯರಿಗೆ ಕೂರಿಸಿ ಹೇಳಿಕೊಡಬೇಕು. ಆಪರೇಟರ ಫೋನ್ ನಂಬರ್, ಗ್ರಾಹಕ ಸಂಖ್ಯೆ ಮತ್ತು ಮೇಲಿನ ಆರು ಹೆಜ್ಜೆಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಲು ಶಾಲೆಗೆ ಹೋಗುವ ಮಕ್ಕಳೇ ಸಾಕು.